ಗೊರಬಿನ ಅಡಿಯಲ್ಲಿ ಗೌರಿ ಹೂ

ನಾನು ಓದಿದ್ದು ಮೂರನೇ ಇಯತ್ತೆ. ಚಿತ್ರ ಬರೆಯಲು ಅಷ್ಟೂ ಬೇಡ. ನಾನು ಮದುವೆಯಾಗಿ ಬಂದ ಕಾಸರಕೋಡದ ಮನೆಯ ಜಗಲಿ ಕೋಣೆಯಲ್ಲಿ ಬಾಡಿಗೆಗಿದ್ದ ಶಾಲೆಯ ಅಕ್ಕೋರು ಭಟ್ಕಳಕ್ಕೆ ವರ್ಗವಾಗಿ ಹೋಗುವಾಗ ಅರ್ಧ ಸವೆದ ನೀರುಬಣ್ಣದ ಡಬ್ಬಿ, ಒಂದು ಕುಂಚ, ನಾಲ್ಕು ದಪ್ಪ ಕಾಗದ ಕೊಟ್ಟು ಹೋದರು. ಇಸವಿ ಅರವತ್ತರ ಆಚೀಚೆಯ ಮಾತು.

ಹಿತ್ತಲಾಚೆಯ ಕೇದಿಗೆ ಪೊದೆಗೆ ಗೌರಿ ಹೂವಿನ ಬಳ್ಳಿ ಹಬ್ಬಿತ್ತು. ಒಂದು ಹೂ ಕೊಯ್ದು ತಂದೆ. ಬಣ್ಣ ಕಲಸುವಷ್ಟರಲ್ಲಿ ಬಾಡಿ ಜೋತಿತು. ಹಾಗಾದರೆ ಅದಿದ್ದಲ್ಲಿಗೇ ಹೋಗುವುದು ಎಂದು ಹಠ ಹಿಡಿದೆ. ಮಳೆಗಾಲ. ಕೊಡೆ ಹಿಡಿದರೆ ಒಂದು ಕೈ ಹೋಯಿತು. ಗದ್ದೆಯ ಕಳೆ ಕೀಳುವಾಗ ತಲೆಗೂ ಬೆನ್ನಿಗೂ ಮಳೆ ತಾಗದಂತೆ ಹಾಕುವ ಎಲೆಯ ಗೊರಬು ಹೊತ್ತು ಕೂತೆ. ಎರಡೂ ಕೈ ಖಾಲಿ.

ಮೊದಲ ಕಾಗದ ನನ್ನ ದಡ್ಡತನಕ್ಕೆ ಹೋಯಿತು. ಗೌರಿ ಹೂ ಅಂದರೆ ಕೆಂಪು ಎಂದು ಕೆಂಪೇ ಬಳಿದೆ. ಎದುರಿನ ಹೂ ನೋಡಿದರೆ ಹಸಿರು ಹಳದಿ. ಅದು ಅರಳುವುದು ಹಾಗೆ, ಕೆಂಪಾಗುವುದು ದಿನ ಕಳೆದ ಮೇಲೆ. ಕೆಂಪಿನ ಮೇಲೆ ಹಳದಿ ಹಾಕಿದೆ, ಕೆಸರಾಯಿತು. ಇನ್ನೆರಡು ಗಾಳಿಮಳೆಗೆ ತೊಯ್ದು ಹೋದವು. ಉಳಿದ ಒಂದರಲ್ಲಿ, ಹೊಸದಾಗಿ ಅರಳಿದ ಹೂವೊಂದನ್ನು ಬಳ್ಳಿಯಲ್ಲೇ ಗುರುತು ಹಿಡಿದು, ದಿನವೂ ಅದು ಬದಲಾದಷ್ಟೇ ಬಣ್ಣ ಹಾಕುತ್ತ ಬಂದೆ. ಕೊನೆಯ ಕೆಂಪು ಬಾಕಿಯಿತ್ತು, ಚೌತಿ ಬಂತು.

ಹಬ್ಬದ ಹಿಂದಿನ ದಿನ ಅತ್ತೆ ಬುಟ್ಟಿ ಹಿಡಿದು ಬಂದರು. ಗಣಪನ ನೆತ್ತಿಯ ಮೇಲೆ ಕಟ್ಟುವ ಫಲಾವಳಿಗೆ ಹಣ್ಣುಕಾಯಿಗಳ ಜೊತೆ ಕಾಡುಹೂ ಬೇಕಲ್ಲ.

“ಏ ಹೆಣೆ, ಸರಿ ಆಚೆ. ಹೂ ಕೊಯ್ಯೂದದೆ.”

“ಇದೊಂದು ಬಿಡಿ ಅತ್ತೆ. ಉಳದದ್ದೆಲ್ಲ ಕೊಯ್ಕಳಿ.”

“ಗಣಪನಿಗೆ ಇಲ್ಲ, ನಿನ್ನ ಕಾಗ್ದಕ್ಕೆ ಅದೆಯಾ?”

“ಗಣಪ ಮುಂದಿನ ವರ್ಷನೂ ಬರ್ತಾನೆ. ನಂಗೆ ಉಳದದ್ದು ಇದೊಂದೇ ಕಾಗ್ದ.”

ಅತ್ತೆ ಬಗ್ಗಿ ಚಿತ್ರ ನೋಡಿದರು. “ಎಂತಾ ಬಳ್ಳಿನೇ ಇದು? ಎಲೆ ತುದಿ ಸುರುಳಿಯಾಗಿ ಕೇದ್ಗಿ ಹಿಡ್ಕಬೇಕು. ನಿಂದು ಗಾಳಿಗೆ ಬಿದ್ದೇ ಹೋಗ್ತದೆ.”

ಸಿಟ್ಟು ಬಂತು. ನೋಡಿದರೆ ನಿಜ. ಅಷ್ಟು ದಿನ ಹೂವನ್ನೇ ನೋಡಿದ್ದೆ, ಎಲೆಯನ್ನು ನೋಡಿರಲೇ ಇಲ್ಲ.

ಅವರು ಉಳಿದ ಹೂಗಳನ್ನು ಕೊಯ್ದು ಹೊರಟರು. ಅದೊಂದು ಬಳ್ಳಿಯಲ್ಲೇ ಇತ್ತು. ಚೌತಿಯ ಬೆಳಗ್ಗೆ ಕಡುಬು ಬೇಯಲಿಟ್ಟು ಓಡಿದೆ. ಎಲೆಗಳಿಗೆ ಸುರುಳಿ ಎಳೆದೆ, ಎಸಳಿಗೆ ಕೆಂಪು ಹಾಕಿದೆ, ತಂದು ಅತ್ತೆಯ ಮುಂದೆ ಹಿಡಿದೆ.

“ಹ್ಞಾಂ, ಈಗ ಹಿಡ್ಕಂತು. ಕಡುಬಿನ ಪಾತ್ರೆ ನೀರು ಬತ್ತಿತಾ ನೋಡು.”

ಬತ್ತಿರಲಿಲ್ಲ. ಅದೇ ಒಲೆಯ ಶಾಖಕ್ಕೆ ಕಾಗದ ಒಣಗಿಸಿಕೊಂಡೆ.