ಹನ್ನೊಂದು ನೋಟ್‌ಬುಕ್ಕಿಗೆ ನಲವತ್ತೆರಡು ಖಾನೆ

ಲೇಬಲ್ ಎಂಬುದು ಅವನ ಅಡ್ಡಹೆಸರು. ಇಟ್ಟವರು ನೀರು ಸರಬರಾಜು ಕಚೇರಿಯ ಜೊತೆಗಾರರು. ಮೂವತ್ತು ವರ್ಷ ಅಲ್ಲಿ ಕೂತು ನೆಲದಡಿಯ ಪೈಪುಗಳ ನಕ್ಷೆ ಬರೆದ ಈ ಮನುಷ್ಯ ತನ್ನ ಪೆನ್ಸಿಲುಗಳಿಗೂ ನಂಬರಿನ ಚೀಟಿ ಅಂಟಿಸಿದ್ದ. ಮನೆಯಲ್ಲಿ ಹೆಂಡತಿ ಕತ್ತರಿ ಎಲ್ಲಿ ಎಂದರೆ ಎದ್ದು ತಂದುಕೊಡುತ್ತಿರಲಿಲ್ಲ, ಡ್ರಾಯರಿನ ನಂಬರು ಹೇಳುತ್ತಿದ್ದ. "ನನ್ನ ಬೆನ್ನಿಗೂ ಒಂದು ಅಂಟಿಸಿಬಿಡಿ" ಎಂದು ಅವಳು ಗೊಣಗಿದ್ದು ಒಂದೆರಡು ಸಲವಲ್ಲ.

ಅವನ ಅಕ್ಕನದು ಬೇರೆಯೇ ಜಾಯಮಾನ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಮಗುವಿನ ತೂಕ, ಹುಟ್ಟಿದ ಗಂಟೆ ಎಲ್ಲ ಆಸ್ಪತ್ರೆಯ ರಿಜಿಸ್ಟರಿಗೆ ಹೋಗುತ್ತಿತ್ತು. ಅವಳ ಸ್ವಂತ ನೋಟ್‌ಬುಕ್ಕಿಗೆ ಇನ್ನೊಂದು ಸಂಗತಿ ಹೋಗುತ್ತಿತ್ತು. ಕೂಸಿನ ಮುಖವನ್ನು ಮೊದಲು ನೋಡಿದಾಗ ತಾಯಿಯ ಬಾಯಿಂದ ಏನು ಬಂತು ಎಂಬುದು. ಒಬ್ಬಳು ನಗುತ್ತಾಳೆ, ಒಬ್ಬಳು ಬೈಯುತ್ತಾಳೆ, ಒಬ್ಬಳು ಗೋಡೆಯ ಕಡೆ ತಿರುಗಿಕೊಂಡು ಏನೋ ಹೇಳುತ್ತಾಳೆ. ಕಂಡವರು ಓದಿ ಆಡಿಕೊಳ್ಳಬಾರದೆಂದು ಅದನ್ನು ತನಗೊಬ್ಬಳಿಗೇ ತಿಳಿಯುವ ಗುರುತಿನಲ್ಲಿ ಬರೆದಿಡುತ್ತಿದ್ದಳು. ಒಂದು ಸುರುಳಿ, ಬಾಲವಿರುವ ಗೆರೆ, ಮೂರು ಚುಕ್ಕಿ, ಅಷ್ಟೆ. ಗುರುತು ಕಣ್ಣಿಗೆ ಬಿದ್ದರೆ ಇಡೀ ಮಾತು ಅವಳ ನಾಲಿಗೆಯ ಮೇಲೆ ಬರುತ್ತಿತ್ತು. ಹೀಗೆ ಹನ್ನೊಂದು ನೋಟ್‌ಬುಕ್ಕು ತುಂಬಿದ್ದವು.

ಅವಳು ನಿವೃತ್ತಳಾದ ಮೇಲೆ ದೂರದ ಊರಿಂದ ಒಂದು ಕಾಗದ ಬಂತು. ಬರೆದವಳು ಅವಳ ಕೈಯಲ್ಲೇ ಹುಟ್ಟಿದ ಹೆಂಗಸು. ಆ ಹೆಂಗಸಿನ ತಾಯಿ ಹೆತ್ತ ಮೂರನೇ ದಿನ ತೀರಿಕೊಂಡಿದ್ದಳು. ತಾಯಿ ತನ್ನನ್ನು ನೋಡಿದಾಗ ಏನಾದರೂ ಅಂದಿದ್ದಳೇ ಎಂದು ಕೇಳಿದ್ದಳು. ಅಕ್ಕ ಆ ಕಾಗದವನ್ನೂ ನೋಟ್‌ಬುಕ್ಕುಗಳನ್ನೂ ಚೀಲದಲ್ಲಿ ತುಂಬಿಕೊಂಡು ತಮ್ಮನ ಮನೆಗೆ ಬಂದಳು.

"ನೀನು ಕಂಪ್ಯೂಟರ್ ಗಿಂಪ್ಯೂಟರ್ ಅಂತ ಕೂತಿರ್ತೀಯಲ್ಲ, ಇದನ್ನ ಅದಕ್ಕೆ ಹಾಕಿಬಿಡೋ. ಇಂಥ ಮಕ್ಕಳು ಇನ್ನೂ ಎಷ್ಟು ಜನ ಇದಾರೋ. ನಾನಿರೋ ತನಕ ನಾನು ಹೇಳ್ತೀನಿ. ಆಮೇಲೆ?"

ಲೇಬಲ್ ಉಬ್ಬಿಹೋದ. ಇಂಥ ಸೂಕ್ಷ್ಮದ ವಿಷಯವನ್ನು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದುಂಟೇ? ಮೆಟ್ಟಿಲ ಕೆಳಗೆ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿ ಇಟ್ಟ. ವೆಬ್‌ಸೈಟಿಗೆ ಒಂದು ವಿಳಾಸ ಪಡೆದ. ಒಂದು ಡೇಟಾಬೇಸ್ ಇನ್‌ಸ್ಟಾಲ್ ಮಾಡಿ, ಸರಿಯಾಗಿ ಕೆಲಸ ಮಾಡುತ್ತದೋ ನೋಡಲು ಆ ಕಾಗದದ ಹೆಂಗಸಿನ ಸಾಲನ್ನೇ ಅಕ್ಕನಿಂದ ಹೇಳಿಸಿಕೊಂಡು ಟೈಪ್ ಮಾಡಿದ. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ ‘೧’ ಎಂಬ ಪುಟ್ಟ ಚೀಟಿ ಅಂಟಿಸಿದ. ಅಕ್ಕ ತನ್ನ ಕಣ್ಣಾರೆ ನೋಡಿದಳು. ಮನೆಗೆ ಹೋಗಿ, ಕಂಡವರ ಕೈಗೆ ಬಿದ್ದೀತೆಂದು ಆ ಮಾತನ್ನು ಕಾಗದದಲ್ಲಿ ಬರೆಯದೆ, ನಿನ್ನ ತಾಯಿ ಅಂದ ಮಾತು ನನ್ನ ತಮ್ಮನ ವೆಬ್‌ಸೈಟಿನಲ್ಲಿದೆ, ಸ್ವಲ್ಪ ದಿನದಲ್ಲಿ ತೆರೆಯುತ್ತಾನೆ ಎಂದು ವಿಳಾಸ ಸಮೇತ ಉತ್ತರ ಬರೆದಳು.

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮೊದಲ ಸಾಫ್ಟ್‌ವೇರಿನಲ್ಲಿ ದಿನಾಂಕ ಮತ್ತು ತಿಂಗಳು ಅದಲುಬದಲಾಗುತ್ತಿದ್ದವು. ಎರಡನೆಯದು ಭಾರ ಹೆಚ್ಚಾಗಿ ಏದುಸಿರು ಬಿಡುತ್ತಿತ್ತು. ಮೂರನೆಯದನ್ನು ಮಾಡಿದವರೇ ಅದನ್ನು ಕೈಬಿಟ್ಟರು. ಪ್ರತಿ ಸಲವೂ ಹೊಸದಾಗಿ ಖಾನೆಗಳು, ಹೊಸದಾಗಿ ಬಣ್ಣಗಳು. ಖಾನೆಗಳು ಹದಿನಾಲ್ಕಿದ್ದದ್ದು ನಲವತ್ತೆರಡಾದವು. ಅಳುವಿನ ಬಗೆಗೇ ಒಂದು ಖಾನೆ, ಅದಕ್ಕೆ ಆರು ಆಯ್ಕೆ! ಅಕ್ಕ ಭಾನುವಾರ ಭಾನುವಾರ ಚೀಲ ಹೊತ್ತು ಬರುತ್ತಿದ್ದಳು, ಕಾಫಿ ಕುಡಿಯುತ್ತಿದ್ದಳು, ಅವನ ಬೆನ್ನು ನೋಡಿಕೊಂಡು ಕೂತು ಹೋಗುತ್ತಿದ್ದಳು.

"ಮುಂದಿನ ಸಾಲು ಹೇಳ್ಲೇನೋ?"

"ಇನ್ನೊಂದು ವಾರ ತಾಳಕ್ಕ. ಬುನಾದಿ ಸರಿಯಾಗ್ಲಿ."

ಒಂದು ದಿನ ಹೆಂಡತಿಗೆ ತಡೆಯಲಾಗಲಿಲ್ಲ. "ಒಂದು ಕಾಗದ ಪೆನ್ನು ತಗೊಂಡು ಬರ್ಕೊಳ್ಳಿ ಅಂದ್ರೆ. ಪಾಪ, ಅವರು ಬಾಯಿಬಿಟ್ಟು ಹೇಳ್ತೀನಿ ಅಂತಿದಾರೆ."

"ಕಾಗದದಲ್ಲಿ ಹುಡುಕೋಕೆ ಬರುತ್ತಾ?" ಎಂದು ಲೇಬಲ್ ಅವಳ ಮೇಲೆ ರೇಗಿದ. ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ತಾನು ಗೆದ್ದೆ ಎಂದುಕೊಂಡ.

ಎರಡನೇ ವರ್ಷ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು, ಎಡಗೈಯಲ್ಲಿ ಬರೆಯಹೋದರೆ ಅಕ್ಷರ ಕೂಡುತ್ತಿರಲಿಲ್ಲ. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕಾಗಿ ಉಳಿಯಿತು. ಅದೂ ಹೋಗಿದ್ದರೆ ಚೆನ್ನಾಗಿತ್ತೇನೋ ಎಂದು ಹೇಳುವಷ್ಟು ಕ್ರೂರವಾಗಿ ಉಳಿಯಿತು. ಅದಾಗಿ ಎರಡೇ ತಿಂಗಳಿಗೆ ಲೇಬಲ್‌ನ ವೆಬ್‌ಸೈಟು ಸಿದ್ಧವಾಯಿತು. ಒಂದು ತಪ್ಪಿಲ್ಲ, ಒಂದು ತಡೆಯಿಲ್ಲ.

ಆ ವಾರವೇ ಮಧ್ಯಾಹ್ನವೊಂದರಲ್ಲಿ ಅಕ್ಕನ ಮಗಳು ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಹಿಂದೆ ಒಬ್ಬ ಅಪರಿಚಿತ ಹೆಂಗಸು.

"ಮಾವ, ಆ ಕಾಗದ ಬರೆದೋರು ಇವರೇ. ಅಮ್ಮನ ಹತ್ರ ಬಂದಿದ್ರು. ಅಮ್ಮ ನಿಮ್ಮ ಮನೆ ಕಡೆ ಕೈ ತೋರಿಸ್ತಾನೇ ಇದ್ರು."

"ಎರಡು ವರ್ಷದಿಂದ ವಾರಕ್ಕೊಂದ್ಸಲ ತೆಗೆದು ನೋಡ್ತಿದ್ದೆ ಸರ್," ಎಂದಳು ಹೆಂಗಸು. "ಶೀಘ್ರದಲ್ಲೇ ಅಂತ ಬರ್ತಿತ್ತು. ಮೊನ್ನೆ ತೆರೀತು. ಆದ್ರೆ ನನ್ನ ಹುಟ್ಟಿದ ದಿನ ಹಾಕಿದ್ರೆ ಏನೂ ಸಿಗ್ತಿಲ್ಲ. ನಾನು ಎಲ್ಲೋ ತಪ್ಪು ಒತ್ತಿರ್ಬೇಕು."

ಅವಳು ಏನನ್ನೂ ತಪ್ಪು ಒತ್ತಿರಲಿಲ್ಲ. ಎರಡನೇ ಸಾಫ್ಟ್‌ವೇರಿಗೆ ಹೋಗುವಾಗಲೇ ಲೇಬಲ್ ಆ ಸಾಲನ್ನು ಅಳಿಸಿದ್ದ. ಪರೀಕ್ಷೆಗೆ ಹಾಕಿದ್ದು ಅಸಲಿನಲ್ಲಿ ಇರಕೂಡದು, ಅದು ಅವನ ಶಿಸ್ತು. ಮೂವತ್ತು ದಿನ ಕಳೆದ ಬ್ಯಾಕಪ್ಪುಗಳು ತಾವಾಗಿಯೇ ಅಳಿದುಹೋಗುವಂತೆ ಮಾಡಿದ್ದವನೂ ಅವನೇ. ಆದರೂ ಕೂತು ಹುಡುಕಿದ. ಪರದೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟಿತು: ದಾಖಲೆಗಳು ಸೊನ್ನೆ.

ಅಕ್ಕ ಮಡಿಲಲ್ಲಿಟ್ಟುಕೊಂಡು ತಂದಿದ್ದ ನೋಟ್‌ಬುಕ್ಕಿನ ಹಾಳೆಯನ್ನು ಎಡಗೈಯಲ್ಲಿ ತಿರುವಿ, ‘೧’ ಎಂಬ ಚೀಟಿಯ ಪಕ್ಕದ ಸಾಲಿನ ಮೇಲೆ ಬೆರಳಿಟ್ಟಳು. ಒಂದು ಸುರುಳಿ, ಎರಡು ಚುಕ್ಕಿ. ಅವಳ ಮುಖ ಅರಳಿತು. ಆ ಮಾತು ಅವಳ ಬಾಯಿಯ ಹಿಂದೆಯೇ ನಿಂತಿದೆ ಎಂದು ಕೋಣೆಯಲ್ಲಿದ್ದ ಉಳಿದ ಮೂವರಿಗೂ ಗೊತ್ತಾಯಿತು. "ಬ... ಬ..." ಎಂದಳು. ಹೆಂಗಸು ಮಂಡಿಯೂರಿ ಕಿವಿಕೊಟ್ಟಳು. "ಬ..." ಅಷ್ಟೇ ಬಂದದ್ದು. ಅಕ್ಕ ಸೋತು ಬೆರಳನ್ನು ತಮ್ಮನ ಕಡೆ ತೋರಿಸಿದಳು. ನಿನಗೆ ಹೇಳಿದ್ದೇನಲ್ಲ, ನೀನು ಹೇಳು ಎಂಬಂತೆ.

"ಅಲ್ವಾ, ನೀವೇ ಟೈಪ್ ಮಾಡಿದ್ರಂತೆ," ಎಂದು ಹೆಂಗಸು ಆಸೆಯಿಂದ ಅವನ ಕಡೆ ತಿರುಗಿದಳು. "ಪೂರ್ತಿ ಬೇಡ ಸರ್. ಒಂದು ಪದ ನೆನಪಿದ್ರೂ ಸಾಕು."

ಲೇಬಲ್ ನೆನಪನ್ನೆಲ್ಲ ತಡಕಾಡಿದ. ಅಂದಿನ ಮಧ್ಯಾಹ್ನ, ಅಕ್ಕನ ದನಿ, ಕಾಫಿಯ ಲೋಟ ಎಲ್ಲ ಸಿಕ್ಕವು. ಮಾತು ಸಿಗಲಿಲ್ಲ. ಅಕ್ಕ ಹೇಳುತ್ತಿದ್ದಾಗ ಅವನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ, ಬೆರಳುಗಳು ಮಾತ್ರ ಟೈಪ್ ಮಾಡಿದ್ದವು. ಕಣ್ಣು ದಿನಾಂಕದ ಖಾನೆಯ ಮೇಲಿತ್ತು. ಏನಾದರೊಂದು ಸುಳ್ಳು ಹೇಳಿಬಿಡಲೇ ಎನ್ನಿಸಿತು. ಬಂಗಾರ ಅಂದಳು ಎಂದರೆ ಮುಗಿಯಿತು, ‘ಬ’ ಅಕ್ಷರಕ್ಕೂ ಹೊಂದುತ್ತದೆ. ಆದರೆ ನಿಜ ಗೊತ್ತಿರುವ ಎರಡು ಕಣ್ಣು ಎದುರಿಗೇ ಕೂತಿದ್ದವು.

"ನಿಮ್ಮ ಹುಟ್ಟಿದ ದಿನಾಂಕ ನೆನಪಿದೆ," ಎಂದ. "ದಿನ, ತಿಂಗಳು ಹಿಂದುಮುಂದಾಗಿತ್ತು. ಅದನ್ನ ಸರಿ ಮಾಡಿದ್ದೆ."

ಹೆಂಗಸು ಎದ್ದು ಮಂಡಿಯ ಧೂಳು ಕೊಡವಿಕೊಂಡಳು. "ಅದು ನಂಗೂ ಗೊತ್ತು ಸರ್," ಎಂದಳು.

ಅಕ್ಕ ತಮ್ಮನ ಮುಖವನ್ನೇ ನೋಡಿದಳು. ಆಮೇಲೆ ಎಡಗೈಯ ಉಗುರಿನಿಂದ ಆ ಪುಟ್ಟ ಚೀಟಿಯನ್ನು ಕೆರೆಯತೊಡಗಿದಳು. ಒಳ್ಳೆಯ ಅಂಟು, ಬೇಗ ಬಿಡಲಿಲ್ಲ. ಮಗಳು ನೆರವಿಗೆಂದು ಬಗ್ಗಿದರೆ ಅವಳ ಕೈಯನ್ನು ದೂಡಿದಳು. ಚೀಟಿ ಪೂರ್ತಿ ಕಿತ್ತುಬರುವವರೆಗೆ ಕೆರೆದು, ಉಂಡೆಮಾಡಿ ತಮ್ಮನ ಮೇಜಿನ ಮೇಲಿಟ್ಟು, ನೋಟ್‌ಬುಕ್ಕನ್ನು ಆ ಹೆಂಗಸಿನ ಕೈಗೆ ಕೊಟ್ಟಳು.