ಕನ್ಸೋಲಿನ ಬೂಸಾ

ಗೆಳೆಯರೇ, ಇವತ್ತು ಸಂಜೆ ಗೇಮಿಂಗ್ ಕನ್ಸೋಲ್ ತರೋಕೆ ಬಂಗಾರಪೇಟೆಗೆ ಹೊರಟಿದ್ದೆ. ವಿಷಯ ಹೇಳಿದ್ದಕ್ಕೆ ಹಸು ಕರೀತಿದ್ದ ಅಮ್ಮ, "ಏನ್ಲಾ ಅದು?" ಅಂದ್ಲು.

"ಆಟದ ಪೆಟ್ಟಿಗೆ ಕಣಮ್ಮ. ಕಂಪ್ಯೂಟರ್ ಜೋಡಿಸೋಕೆ ಇದರ ಎರಡರಷ್ಟು ದುಡ್ಡು ಬೇಕು. ಆದ್ರೆ ಇದಕ್ಕೆ ಹಾಕೋ ಒಂದೊಂದು ಗೇಮೂ ದುಬಾರಿ."

"ಅಸ ಅಗ್ಗಕ್ಕೆ ಸಿಕ್ತು ಅಂತ ಕಟ್ಕೊಂಡ್ರೆ ಆಯ್ತಾ? ವರ್ಸೆಲ್ಲ ಬೂಸಾ ಆಕೋರು ಯಾರ್ಲಾ? ಕಂಪ್ಯೂಟರ್‌ಗೆ ಎಂಗೆ?"

"ಅದಕ್ಕೆ ಗೇಮ್ ಕಮ್ಮಿಗೆ ಸಿಗ್ತವೆ. ಕೆಲವು ಪುಕ್ಕಟೆ."

"ಇನ್ನಷ್ಟು ದಿನ ತಡ್ಕೊಂಡು ಅದನ್ನೇ ತಗೋ."

ಕನ್ಸೋಲಾ ಕಂಪ್ಯೂಟರಾ ಅಂತ ಎರಡು ತಿಂಗಳು ವಿಡಿಯೋ ನೋಡಿದ್ರೂ ಬಗೆಹರಿಯದ್ದನ್ನ ಅಮ್ಮ ಒಂದು ಹಸು ಕರೆಯೋದ್ರೊಳಗೆ ಮುಗಿಸಿದ್ಲು. ನಿಜವಾಗ್ಲೂ ದೊಡ್ಡ ಉಪಕಾರ. ವಿಡಿಯೋದವರ ಹಾಗೆ ಲೈಕು, ಸಬ್‌ಸ್ಕ್ರೈಬು ಏನೂ ಕೇಳಲಿಲ್ಲ. ಹೇಗೂ ಸಂಜೆ ಬಿಡುವಾಯ್ತಲ್ಲ ಅಂತ ಸಗಣಿ ಬುಟ್ಟೀನ ನನ್ನ ಕಡೆ ತಳ್ಳಿದ್ಲು, ಅಷ್ಟೆ.