ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿ

ಹೊಳಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಶಂಕರಮ್ಮನ ಮನೆಗೆ ಭಾನುವಾರದ ಪ್ರಾರ್ಥನೆಗೆ ಬರುವವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಒಳಗೆ ಬರುತ್ತಾರೆ. ಹಿಂದೊಮ್ಮೆ ಬಾಗಿಲಲ್ಲಿದ್ದ ಚಪ್ಪಲಿಗಳನ್ನು ನೋಡಿಯೇ, ಹೆಗಲ ಮೇಲೆ ಸದಾ ಕೆಂಪು ಟವಲು ಹಾಕುವ ಗಾದಿಲಿಂಗ ಗುಂಪು ಕಟ್ಟಿಕೊಂಡು ನುಗ್ಗಿದ್ದ. ಬೈಬಲ್ ಹರಿದು, ಆಕೆಯ ಗಂಡನ ಕೈ ಮುರಿದು ಹೋಗಿದ್ದ. ಆಮೇಲೆ ಶಂಕರಮ್ಮ ಚಪ್ಪಲಿ ಮುಚ್ಚಿಟ್ಟಳೇ ಹೊರತು ಬಾಯಿ ಮುಚ್ಚಲಿಲ್ಲ. ಹತ್ತಿ ಬಿಡಿಸುವಾಗ ಪಕ್ಕದ ಸಾಲಿನವರಿಗೆ ಯೇಸುವಿನ ಕಥೆ ಹೇಳುತ್ತಲೇ ಇದ್ದಳು. ಹಾಗೆ ಕೇಳಿ ಈ ವಾರ ಬಂದವಳು ನಾಗಜ್ಯೋತಿ, ಅದೇ ಗಾದಿಲಿಂಗನ ಹೆಂಡತಿ.

ಪಿಸುದನಿಯ ಪ್ರಾರ್ಥನೆಯ ನಡುವೆ ಶಂಕರಮ್ಮ ಕಣ್ಣು ತೆರೆದಳು. ಎಲ್ಲರ ಪಕ್ಕದಲ್ಲೂ ಚಪ್ಪಲಿ ಇದ್ದವು, ನಾಗಜ್ಯೋತಿಯ ಪಕ್ಕ ಇರಲಿಲ್ಲ.

"ಚಪ್ಪಲಿ ಎಲ್ಲಿ ಬಿಟ್ಟಿ ತಂಗಿ?"

"ಬಾಗಿಲಾಗ ಬಿಟ್ಟೀನಕ್ಕಾ. ಮಂದಿ ಮನಿಯೊಳಗ ಚಪ್ಪಲಿ ತರ್ತಾರೇನು?"

ಶಂಕರಮ್ಮ ಅವಳಿಗೆ ಚಪ್ಪಲಿಯನ್ನು ಒಳಗೆ ತರಲು ಹೇಳುವುದನ್ನೇ ಮರೆತಿದ್ದಳು. ಏಳುವಷ್ಟರಲ್ಲಿ ಹೊರಗೆ ಬೈಕೊಂದು ಬಂದು ನಿಂತಿತು.

"ನಮ್ಮನಿಯವ್ರ ಗಾಡಿ," ಎಂದು ನಾಗಜ್ಯೋತಿ ಗೋಡೆಗೆ ಒತ್ತಿಕೊಂಡಳು. "ಆ ಚಪ್ಪಲಿ ಆದೋನಿ ಪ್ಯಾಟ್ಯಾಗ ಅವ್ರೇ ಕೊಡ್ಸ್ಯಾರ. ಗುರ್ತು ಹಿಡೀತಾರ."

ಎಲ್ಲರೂ ಬಾಗಿಲು ಒದೆಯುವ ಸದ್ದಿಗಾಗಿ ಕಾದರು. ಬಹಳ ಹೊತ್ತಿನ ಮೇಲೆ ಬೈಕ್ ಸ್ಟಾರ್ಟ್ ಆಗಿ ದೂರ ಹೋಯಿತು.

ಶಂಕರಮ್ಮ ಬಾಗಿಲು ತೆರೆದಳು. ಹೊಸ್ತಿಲ ಬಳಿ ಚಪ್ಪಲಿ ಇರಲಿಲ್ಲ. ಹುಡುಕಿದರೆ, ಕಟ್ಟಿಗೆಯ ರಾಶಿಯ ಹಿಂದೆ, ಬೀದಿಯವರ ಕಣ್ಣಿಗೆ ಬೀಳದ ಹಾಗೆ, ಅವನ್ನು ಕೆಂಪು ಟವಲಿನಲ್ಲಿ ಸುತ್ತಿಡಲಾಗಿತ್ತು.